ನಮ್ಮ ಮನೆಯ ಪಂಚಪಾಂಡವರು

ನಮ್ಮ ಮನೆಗೆ ಮೊದಲ ಬಾರಿ ಬಂದವರು ಕಾಫಿಯ ಲೋಟವನ್ನು ಕೈಗೆ ತೆಗೆದುಕೊಳ್ಳುವ ಮೊದಲೇ ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಾರೆ: "ಇವೆಲ್ಲ ಏನು ಸ್ವಾಮಿ?" ಅಷ್ಟರಲ್ಲಿ ಅವರ ದೃಷ್ಟಿ ನಡುಮನೆಯ ಸುತ್ತ ಒಂದು ಪ್ರದಕ್ಷಿಣೆಯನ್ನು ಮುಗಿಸಿರುತ್ತದೆ. ಟೆಲಿವಿಷನ್ನಿನ ಕೆಳಗೊಂದು ಕರಿಯ ಪೆಟ್ಟಿಗೆ. ಅದರ ಎಡಬಲಗಳಲ್ಲಿ ಎದೆಯೆತ್ತರದ ಎರಡು. ಸೋಫಾದ ಹಿಂದೆ, ದೇವರಮನೆಯ ಬಾಗಿಲ ಪಕ್ಕದಲ್ಲೊಂದು, ಅಡಿಗೆಮನೆಯ ಬಾಗಿಲ ಪಕ್ಕದಲ್ಲೊಂದು. ನಾನು ಗಂಟಲನ್ನು ಸರಿಮಾಡಿಕೊಂಡು ಶಾಸ್ತ್ರೋಕ್ತವಾಗಿ ಉತ್ತರ ಹೇಳಲು ಹೊರಡುವಷ್ಟರಲ್ಲಿ ನನ್ನ ಹೆಂಡತಿ ಒಳಗಿನಿಂದಲೇ ಉತ್ತರ ಕೊಟ್ಟುಬಿಡುತ್ತಾಳೆ: "ಅವರು ಪಂಚಪಾಂಡವರು. ಇಪ್ಪತ್ತು ವರ್ಷದಿಂದ ನಮ್ಮಲ್ಲೇ ಅಜ್ಞಾತವಾಸ."

ಹೆಸರನ್ನು ಹಾಸ್ಯಕ್ಕೆಂದೇ ಇಟ್ಟವಳು ಅವಳು. ಆದರೆ ಅದು ಎಷ್ಟು ಚೆನ್ನಾಗಿ ಹೊಂದಿಕೊಂಡಿತೆಂದರೆ, ಈಗ ನನಗೂ ಬೇರೆ ಹೆಸರು ಬಾಯಿಗೆ ಬರುವುದಿಲ್ಲ. ನಡುವೆ ಇರುವವನು ಧರ್ಮರಾಯ. ಹಾಡುಗಾರನ ಮಾತೆಲ್ಲ ಬಹುಮಟ್ಟಿಗೆ ಅವನ ಬಾಯಿಂದಲೇ ಬರಬೇಕು. ಎಡಕ್ಕೆ ಭೀಮ, ಬಲಕ್ಕೆ ಅರ್ಜುನ. ಯುದ್ಧದ ಭಾರವೆಲ್ಲ ಇವರಿಬ್ಬರದು. ಹಿಂಬದಿಯಲ್ಲಿ ಬಲಕ್ಕೆ ನಕುಲ, ಎಡಕ್ಕೆ ಸಹದೇವ. ಇಡೀ ಮಹಾಭಾರತದಲ್ಲಿ ಈ ಅವಳಿಗಳು ಎಷ್ಟು ಮಾತನಾಡಿದರೋ ನಮ್ಮ ನಡುಮನೆಯಲ್ಲಿಯೂ ಅಷ್ಟೇ ಮಾತನಾಡುತ್ತಾರೆ. ಇವರಲ್ಲದೆ ಆರನೆಯವನೊಬ್ಬನಿದ್ದಾನೆ. ಕಿಟಕಿಯ ಪರದೆಯ ಹಿಂದೆ, ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದಂತೆ ಕುಳಿತಿರುತ್ತಾನೆ. ಸೆಕೆಂಡಿಗೆ ಸುಮಾರು 120 ಕಂಪನಗಳಿಗಿಂತ ಕೆಳಗಿನ ಮಂದ್ರನಾದ ಮಾತ್ರ ಅವನ ಪಾಲಿಗೆ ಬಂದದ್ದು. ಆದುದರಿಂದ ಶಾಸ್ತ್ರಕಾರರು ಅವನನ್ನು ಪೂರ್ತಿ ಒಂದು ಎಂದು ಎಣಿಸದೆ, ದಶಾಂಶದಲ್ಲಿ ಸೇರಿಸಿ, ಇಡೀ ಕುಟುಂಬಕ್ಕೆ "5.1" ಎಂದು ಹೆಸರಿಟ್ಟಿದ್ದಾರೆ. ಒಡಹುಟ್ಟಿದವನೇ ಹೌದು, ಲೆಕ್ಕಕ್ಕೆ ಮಾತ್ರ ಸೇರದವನು. ಅವನಿಗೆ ಕರ್ಣನೆಂದಲ್ಲದೆ ಇನ್ನೇನೆಂದು ಹೆಸರಿಡಬೇಕು?

ಸಂಗೀತ ಕೇಳಲು ಒಬ್ಬ ಮನುಷ್ಯನಿಗೆ ಆರು ಧ್ವನಿವರ್ಧಕಗಳು ಏಕೆ ಬೇಕೆಂಬುದು ನ್ಯಾಯವಾದ ಪ್ರಶ್ನೆ. ಉತ್ತರಕ್ಕಾಗಿ ನಾನು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ನಾನು ಬಾಲ್ಯದಲ್ಲಿ ಸಂಗೀತವನ್ನು ಕೇಳಿದ್ದು ಎರಡು ವಿಧವಾಗಿ. ಒಂದು, ಮನೆಯ ಗ್ರಾಮಫೋನಿನಲ್ಲಿ. ಮತ್ತೊಂದು, ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ರಾಮನವಮಿಯ ಕಾಲಕ್ಕೆ ಏಳುತ್ತಿದ್ದ ಚಪ್ಪರದಲ್ಲಿ. 1939ರಲ್ಲಿ ಹುಟ್ಟಿದ ಶ್ರೀರಾಮಸೇವಾ ಮಂಡಳಿಯ ಈ ಉತ್ಸವಕ್ಕೆ ತಂದೆಯವರು ನನ್ನನ್ನು ಕೈಹಿಡಿದು ಕರೆದೊಯ್ಯುತ್ತಿದ್ದರು. ನಮಗೆ ಸಿಗುತ್ತಿದ್ದುದು ಹಿಂದಿನ ಸಾಲು. ವಿದ್ವಾಂಸರು ಎಲ್ಲೋ ಮುಂದೆ, ಬೊಂಬೆಗಳಷ್ಟು ಚಿಕ್ಕವರಾಗಿ ಕಾಣುತ್ತಿದ್ದರು. ಆದರೆ ಸಂಗೀತ ಮುಂದಿನಿಂದ ಮಾತ್ರ ಬರುತ್ತಿರಲಿಲ್ಲ. ಎಡಗಡೆ ಯಾರೋ ಹಿರಿಯರು ತೊಡೆಯ ಮೇಲೆ ಹಾಕುತ್ತಿದ್ದ ತಾಳ. ಬಲಗಡೆ, ಸ್ವರ ಒಳ್ಳೆಯ ಜಾಗದಲ್ಲಿ ಬಂದು ನಿಂತಾಗ ಹೊರಡುತ್ತಿದ್ದ "ಭಲೇ". ತಲೆಯ ಮೇಲೆ ಗಾಳಿಗೆ ಪಟಪಟನೆ ಬಡಿದುಕೊಳ್ಳುತ್ತಿದ್ದ ಚಪ್ಪರದ ಬಟ್ಟೆ. ಬೆನ್ನ ಹಿಂದೆ, ನಿದ್ದೆ ಬಂದು ಅಳುತ್ತಿದ್ದ ಯಾವುದೋ ಮಗು, ಅದರಾಚೆ ರಸ್ತೆ. ಇವೆಲ್ಲವುಗಳ ನಡುವೆ ರಾಗವು ಒಂದು ದೀಪದಂತೆ ಉರಿಯುತ್ತಿದ್ದಿತು. ಮನೆಗೆ ಬಂದು ಗ್ರಾಮಫೋನಿಗೆ ಕೀಲಿಕೊಟ್ಟು ಪ್ಲೇಟು ಹಾಕಿದರೆ ರಾಗವೇನೋ ಇರುತ್ತಿದ್ದಿತು, ಚಪ್ಪರ ಇರುತ್ತಿರಲಿಲ್ಲ. ಎಲ್ಲವೂ ಒಂದೇ ಕೊಳವೆಯ ಬಾಯಿಂದ, ಗೋಡೆಯ ಕಿಂಡಿಯಲ್ಲಿ ಇಣುಕಿದಂತೆ ಬರುತ್ತಿದ್ದಿತು. "ಹಾಡುವವರು ಎಲ್ಲಿ ಕೂತಿದಾರಪ್ಪಾ?" ಎಂದು ನಾನು ಕೇಳಿದೆನಂತೆ. ತಂದೆಯವರು ಪೆಟ್ಟಿಗೆಯನ್ನು ತೋರಿಸಿದರಂತೆ. ಆ ಉತ್ತರ ನನಗೆ ಎಂದೂ ಸಮಾಧಾನ ಕೊಡಲಿಲ್ಲ.

ನನಗೆ ಮಾತ್ರವಲ್ಲ, ನನಗಿಂತ ಎಷ್ಟೋ ಬುದ್ಧಿವಂತರಾದವರಿಗೂ ಸಮಾಧಾನವಾಗಿರಲಿಲ್ಲವೆಂದು ಆಮೇಲೆ ತಿಳಿಯಿತು. ಇಂಗ್ಲೆಂಡಿನಲ್ಲಿ ಆಲನ್ ಬ್ಲೂಮ್‌ಲೀನ್ ಎಂಬ ತರುಣ ಎಂಜಿನಿಯರು 1931ರಲ್ಲಿ ಹೆಂಡತಿಯೊಡನೆ ಸಿನಿಮಾಕ್ಕೆ ಹೋಗಿದ್ದನಂತೆ. ಪರದೆಯ ಒಂದು ಕೊನೆಯಲ್ಲಿ ನಟನ ತುಟಿ ಅಲ್ಲಾಡುತ್ತಿದೆ. ಧ್ವನಿ ಬರುತ್ತಿರುವುದು ಮತ್ತೊಂದು ಕೊನೆಯಿಂದ. ಇದನ್ನು ಸರಿಪಡಿಸುವ ಉಪಾಯ ತನಗೆ ತಿಳಿದಿದೆಯೆಂದು ಆತ ಅಲ್ಲಿಯೇ ಹೆಂಡತಿಗೆ ಹೇಳಿದನೆಂದು ಕಥೆ. ಕಥೆ ಹೇಗೇ ಇರಲಿ, ಅದೇ ವರ್ಷದ ಡಿಸೆಂಬರಿನಲ್ಲಿ ಆತ ಪೇಟೆಂಟಿಗೆ ಅರ್ಜಿ ಹಾಕಿದ್ದು ಸತ್ಯ. ಒಂದೇ ಗೆರೆಯ ಎರಡು ಇಳಿಜಾರುಗಳಲ್ಲಿ ಎರಡು ಧ್ವನಿಗಳನ್ನು ಕೊರೆಯುವ ವಿಧಾನವೂ ಅದರಲ್ಲಿಯೇ ಇದ್ದಿತು. ನಾವು ಸ್ಟೀರಿಯೋ ಎಂದು ಕರೆಯುವುದೆಲ್ಲ ಅಲ್ಲಿಂದ ಬಂದದ್ದು. ಆದರೆ 1942ರಲ್ಲಿ, ಯುದ್ಧದ ಕಾಲದಲ್ಲಿ, ರೇಡಾರ್ ಯಂತ್ರವನ್ನು ಪರೀಕ್ಷಿಸುತ್ತಿದ್ದ ವಿಮಾನ ಬಿದ್ದು ಬ್ಲೂಮ್‌ಲೀನ್ ತೀರಿಕೊಂಡನು. ಆಗ ಅವನಿಗೆ ಇನ್ನೂ ಮೂವತ್ತೆಂಟು. ಸ್ಟೀರಿಯೋ ಪ್ಲೇಟುಗಳು ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗತೊಡಗಿದ್ದು 1958ರಲ್ಲಿ.

ಸ್ಟೀರಿಯೋ ಎಂಬುದು ವಾಸ್ತವವಾಗಿ ಒಂದು ಇಂದ್ರಜಾಲ. ಎಡದ ಧ್ವನಿವರ್ಧಕ, ಬಲದ ಧ್ವನಿವರ್ಧಕ ಇವೆರಡೂ ಒಂದೇ ಸ್ವರವನ್ನು ಸಮವಾಗಿ ನುಡಿದಾಗ ಹಾಡುಗಾರನು ಎರಡರ ನಡುವೆ, ಏನೂ ಇಲ್ಲದ ಜಾಗದಲ್ಲಿ, ಬಂದು ನಿಲ್ಲುತ್ತಾನೆ. ಅವನನ್ನು ಅಲ್ಲಿ ನಿಲ್ಲಿಸುವುದು ಯಂತ್ರವಲ್ಲ, ನಮ್ಮ ಎರಡು ಕಿವಿಗಳು. ಪಕ್ಕದಿಂದ ಬಂದ ಸದ್ದು ಒಂದು ಕಿವಿಗೆ ಮೊದಲು, ಇನ್ನೊಂದಕ್ಕೆ ಆಮೇಲೆ ತಲುಪುತ್ತದೆ. ಅಂತರ ಹೆಚ್ಚೆಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಅಷ್ಟರಲ್ಲಿ ಮಿದುಳು ಲೆಕ್ಕ ಹಾಕಿ ದಿಕ್ಕನ್ನು ಹೇಳಿಬಿಡುತ್ತದೆ. ಈ ವಿಷಯವನ್ನು ನಾನು ನಾಲ್ವತ್ತು ವರ್ಷಗಳ ಕೆಳಗೆಯೇ ಪುಸ್ತಕದಲ್ಲಿ ಓದಿ, ಬಂದವರಿಗೆಲ್ಲ ಹೇಳಿ ಮೆಚ್ಚಿಗೆ ಪಡೆದಿದ್ದೆನು. ಅದರ ಅರ್ಥ ತಿಳಿದದ್ದು ಮಾತ್ರ ಬಹಳ ತಡವಾಗಿ.

ಸ್ಟೀರಿಯೋದಲ್ಲಿ ಹಾಡುಗಾರ ಸಿಕ್ಕಿದನು, ಚಪ್ಪರ ಸಿಗಲಿಲ್ಲ. ಬೆನ್ನ ಹಿಂದಿನದು ಯಾವುದೂ ಇಲ್ಲ. ಅದನ್ನು ತರಬೇಕೆಂದು 1970ರ ದಶಕದ ಮೊದಲಲ್ಲಿ ಅಮೆರಿಕ, ಜಪಾನುಗಳ ಕಂಪನಿಗಳು ಕೋಣೆಯ ನಾಲ್ಕು ಮೂಲೆಗಳಿಗೆ ನಾಲ್ಕು ಧ್ವನಿವರ್ಧಕಗಳನ್ನಿಡುವ ಕ್ವಾಡ್ರಫೋನಿಕ್ ಪದ್ಧತಿಯನ್ನು ಹೊರಡಿಸಿದುವು. ಒಂದು ಕಂಪನಿಯದು ಒಂದು ವಿಧಾನ, ಮತ್ತೊಂದರದು ಮತ್ತೊಂದು. ಒಬ್ಬರ ಪ್ಲೇಟು ಇನ್ನೊಬ್ಬರ ಯಂತ್ರದಲ್ಲಿ ಸರಿಯಾಗಿ ನುಡಿಯದು. ಇವುಗಳಲ್ಲಿ ಸಿ.ಡಿ.-4 ಎಂಬುದರ ಸಾಹಸವನ್ನು ಮೆಚ್ಚಬೇಕು. ಅದು ಹಿಂದಿನ ಧ್ವನಿವರ್ಧಕಗಳ ಪಾಲನ್ನು ಮನುಷ್ಯನ ಕಿವಿಗೆ ಎಟುಕದಷ್ಟು ಎತ್ತರದ ಕಂಪನಗಳಲ್ಲಿ ಅದೇ ಗೆರೆಯೊಳಗೆ ಬಚ್ಚಿಟ್ಟು, ವಿಶೇಷವಾಗಿ ಸಾಣೆಹಿಡಿದ ಮುಳ್ಳಿನಿಂದ ಹೊರತೆಗೆಯುತ್ತಿದ್ದಿತು. ಮುಳ್ಳು ಸ್ವಲ್ಪ ಸವೆದರೆ ಬಚ್ಚಿಟ್ಟದ್ದೂ ಸವೆಯಿತೆಂದೇ ಅರ್ಥ. ಕೊಳ್ಳುವವರು ಗೊಂದಲಕ್ಕೆ ಬಿದ್ದು ಕೈ ಕಟ್ಟಿ ಕುಳಿತರು. ಆ ದಶಕ ಮುಗಿಯುವಷ್ಟರಲ್ಲಿ ಕ್ವಾಡ್ರಫೋನಿಕ್ಕಿನ ಅಂತ್ಯಕ್ರಿಯೆಯೂ ಮುಗಿದಿದ್ದಿತು.

ಆ ಕಾಲದ ಒಂದು ಸಂಗತಿಯನ್ನು ನಾನು ಆಗಾಗ ನೆನೆಸಿಕೊಳ್ಳುತ್ತೇನೆ. ಹಾಲೆಂಡಿನ ಫಿಲಿಪ್ಸ್ ಸಂಸ್ಥೆಯವರು 1970ರ ದಶಕದಲ್ಲಿ ದೊಡ್ಡ ದೊಡ್ಡ ವಾದ್ಯವೃಂದಗಳನ್ನು ನಾಲ್ಕು ವಾಹಿನಿಗಳ ಟೇಪಿನಲ್ಲಿ ಮುದ್ರಿಸಿದರು. ಆದರೆ ಅವುಗಳನ್ನು ನಾಲ್ಕು ವಾಹಿನಿಗಳ ಪ್ಲೇಟುಗಳಾಗಿ ಮಾರಲಿಲ್ಲ. ಎರಡು ವಾಹಿನಿಗಳಿಗೆ ಇಳಿಸಿ ಮಾರಿದರು. ನಾಲ್ಕರ ಟೇಪುಗಳು ಉಗ್ರಾಣದಲ್ಲಿ ಮಲಗಿದುವು. ಸಭಾಂಗಣದ ಹಿಂದಿನ ಗೋಡೆಗೆ ಬಡಿದು ಬಂದ ನಾದವೆಲ್ಲ ಆ ಟೇಪುಗಳಲ್ಲಿದೆ. ಕೇಳುವವರು ಯಾರೂ ಇಲ್ಲ. ಅದೇ ಸಂಸ್ಥೆಯ ಹಳಬರು ಕೆಲವರು 2001ರಲ್ಲಿ ಪೆಂಟಾಟೋನ್ ಎಂಬ ಚಿಕ್ಕ ಕಂಪನಿಯನ್ನು ಕಟ್ಟಿ, ಆ ಟೇಪುಗಳನ್ನು ಎಬ್ಬಿಸಿ, ಹೊಸ ತಟ್ಟೆಗಳಲ್ಲಿ ಹೊರತಂದರು. ಸುಮಾರು ಮೂವತ್ತು ವರ್ಷ! ಅಷ್ಟು ಕಾಲ ಒಂದು ಸಭಾಂಗಣದ ಗಾಳಿ ಯಾರಿಗಾಗಿಯೋ ಕಾದಿದ್ದಿತು.

ಆ ಹೊಸ ತಟ್ಟೆಯೇ ನಮ್ಮ ಮನೆಗೆ ಪಾಂಡವರನ್ನು ಕರೆತಂದ ಸೂಪರ್ ಆಡಿಯೋ ಸಿ.ಡಿ. ಅದನ್ನು ಸೋನಿ, ಫಿಲಿಪ್ಸ್ ಸಂಸ್ಥೆಗಳು 1999ರಲ್ಲಿ ಹೊರತಂದುವು. ನೋಡುವುದಕ್ಕೆ 1982ರಲ್ಲಿ ಬಂದ ಸಾಧಾರಣ ಸಿ.ಡಿ.ಯಂತೆಯೇ ಹನ್ನೆರಡು ಸೆಂಟಿಮೀಟರು. ಆದರೆ ಇದರಲ್ಲಿ ಬಹುತೇಕ ತಟ್ಟೆಗಳು ಎರಡಂತಸ್ತಿನ ಮನೆಗಳು. ಒಂದು ಅಂತಸ್ತಿನಲ್ಲಿ ಸಾಧಾರಣ ಸಿ.ಡಿ., ಮತ್ತೊಂದರಲ್ಲಿ ಸೂಕ್ಷ್ಮವಾದ ಹೊಸ ಮುದ್ರಣ. ನಡುವಣ ಪದರವು ಹೊಸ ಯಂತ್ರದ ಕೆಂಪು ಕಿರಣಕ್ಕೆ ಕನ್ನಡಿಯಂತೆ, ಹಳೆಯ ಯಂತ್ರದ ಕಿರಣಕ್ಕೆ ಕಿಟಕಿಯ ಗಾಜಿನಂತೆ ವರ್ತಿಸುತ್ತದೆ. ಹೀಗಾಗಿ ಒಂದೇ ತಟ್ಟೆ ಬಡವನ ಮನೆಯಲ್ಲೂ ನುಡಿಯುತ್ತದೆ, ನನ್ನಂಥ ಹುಚ್ಚನ ಮನೆಯಲ್ಲೂ ನುಡಿಯುತ್ತದೆ. ಆರು ವಾಹಿನಿಗಳಿಗೂ ಅದರಲ್ಲಿ ಸ್ಥಳವಿದೆ.

ನನಗೆ ಈ ಹುಚ್ಚನ್ನು ಹಿಡಿಸಿದವನು ನನ್ನ ಮಗ. 2003ರಲ್ಲಿ ನಾವು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದಾಗ ಅವನು ನಮ್ಮನ್ನು ಒಂದು ಸಂಜೆ ಸ್ಯಾನ್ ಫ್ರಾನ್ಸಿಸ್ಕೋದ ಡೇವಿಸ್ ಸಿಂಫನಿ ಹಾಲಿಗೆ ಕರೆದುಕೊಂಡು ಹೋದನು. ಪಾಶ್ಚಾತ್ಯ ಸಂಗೀತದಲ್ಲಿ ನನ್ನ ಪಾಂಡಿತ್ಯ ಸೊನ್ನೆ. ಆದರೆ ನೂರು ಜನರು ಒಟ್ಟಿಗೆ ನುಡಿಸಿ ಥಟ್ಟನೆ ನಿಲ್ಲಿಸಿದಾಗ, ನಾದವು ನಮ್ಮ ತಲೆಯ ಮೇಲಿಂದ ಹಾದು, ಬೆನ್ನ ಹಿಂದೆ ಹೋಗಿ ಕರಗುವುದಿದೆಯಲ್ಲ, ಅದು ನನಗೆ ಗುರುತಿನದಾಗಿತ್ತು. ಅದು ಚಪ್ಪರ! ಮಾರನೆಯ ದಿನ ಮಗ ಒಂದು ತಟ್ಟೆಯನ್ನು ತಂದುಕೊಟ್ಟನು. ಅದೇ ಹಾಲಿನಲ್ಲಿ ಮೈಕೇಲ್ ಟಿಲ್ಸನ್ ಥಾಮಸ್ ನಿರ್ದೇಶಿಸಿದ, ಮಾಲರ್ ಎಂಬ ವಾಗ್ಗೇಯಕಾರನ ಆರನೆಯ ಸಿಂಫನಿ. ಮುದ್ರಿಸಿದ ದಿನಗಳು 2001ರ ಸೆಪ್ಟೆಂಬರ್ 12ರಿಂದ 15. ನ್ಯೂಯಾರ್ಕಿನ ಗೋಪುರಗಳು ಬಿದ್ದ ಮರುದಿನ ಅವರು ವಾದ್ಯಗಳನ್ನು ಹಿಡಿದು ಕುಳಿತಿದ್ದರು. ವಾದ್ಯವೃಂದವು ತಾನೇ ಸ್ಥಾಪಿಸಿಕೊಂಡ ಧ್ವನಿಮುದ್ರಣ ಸಂಸ್ಥೆಯಿಂದ ಈ ತಟ್ಟೆ ಹೊರಬಂದಿದ್ದಿತು.

ಬೆಂಗಳೂರಿಗೆ ಬಂದ ಮೇಲೆ ಪಾಂಡವರನ್ನು ಕೂಡಿಹಾಕುವುದಕ್ಕೆ ಒಂದು ವರ್ಷ ಹಿಡಿಯಿತು. ಹಣದ ಮಾತನ್ನು ಬಿಡುತ್ತೇನೆ. ನನ್ನ ಹೆಂಡತಿಯೂ ಈ ಪತ್ರಿಕೆಯನ್ನು ಓದುತ್ತಾಳೆ. ಕಷ್ಟವಾದದ್ದು ಸ್ಥಳ. ಕುಳಿತವನ ನೇರಕ್ಕೆ ಧರ್ಮರಾಯ, ಅವನಿಂದ ಇತ್ತ ಮೂವತ್ತು ಅಂಶ, ಅತ್ತ ಮೂವತ್ತು ಅಂಶದಲ್ಲಿ ಭೀಮಾರ್ಜುನರು, ನೂರಹತ್ತು ಅಂಶದಲ್ಲಿ ಅವಳಿಗಳು, ಎಲ್ಲರೂ ಸಮದೂರ: ಇದು ಅಂತಾರಾಷ್ಟ್ರೀಯ ನಿಯಮ. ನಮ್ಮ ನಡುಮನೆಯನ್ನು ಕಟ್ಟಿದ ಮೇಸ್ತ್ರಿಗೆ ಈ ನಿಯಮ ತಿಳಿದಿರಲಿಲ್ಲ. ನಕುಲನ ಸ್ಥಾನ ಸರಿಯಾಗಿ ಅಡಿಗೆಮನೆಯ ಬಾಗಿಲಿನಲ್ಲಿ ಬೀಳುತ್ತಿದ್ದಿತು. ಒಂದು ಗೇಣು ಸರಿಸಲು ನಾನು ಒಪ್ಪಲಿಲ್ಲ. ದಿನಕ್ಕೆ ಇಪ್ಪತ್ತು ಬಾರಿ ಅವನನ್ನು ಬಳಸಿ ಓಡಾಡಲು ಅವಳು ಒಪ್ಪಲಿಲ್ಲ. ಎರಡು ವಾರಗಳ ಉದ್ಯೋಗಪರ್ವದ ಬಳಿಕ ನಕುಲನು ಒಂದು ಗೇಣು ಸರಿದನು. ಡಿವಿಡಿ-ಆಡಿಯೋ ಎಂಬ ಎದುರಾಳಿ ಪದ್ಧತಿಯ ತಟ್ಟೆಗಳನ್ನೂ ನಾನು ನಾಲ್ಕಾರು ತರಿಸಿದ್ದೆನು. ಅದು ಬಂದದ್ದು 2000ದಲ್ಲಿ. ಧ್ವನಿಯೇನೋ ಸೊಗಸು. ಆದರೆ ಬೇಕಾದ ಹಾಡನ್ನು ಆರಿಸಿಕೊಳ್ಳಲು ಎಷ್ಟೋ ವೇಳೆ ಟೆಲಿವಿಷನ್ನಿನ ಪರದೆಯನ್ನು ನೋಡಬೇಕು. ಸಂಜೆಯ ಹೊತ್ತು ಆ ಪರದೆಯಲ್ಲಿ ಧಾರಾವಾಹಿ ನಡೆಯುತ್ತಿರುತ್ತದೆ. ನಮ್ಮ ಮನೆಯಲ್ಲಿ ಆ ಪದ್ಧತಿ ಸೋತದ್ದು ಇದೊಂದೇ ಕಾರಣದಿಂದ.

ಮೊದಲ ಸಂಜೆ ಮಾಲರನ ತಟ್ಟೆಯನ್ನು ಹಾಕಿದೆನು. ಆ ಸಿಂಫನಿಯಲ್ಲಿ ಒಂದು ವಿಚಿತ್ರವಿದೆ. ಅಷ್ಟು ದೊಡ್ಡ ವಾದ್ಯಮೇಳದ ಗರ್ಜನೆಯೆಲ್ಲ ಅಡಗಿ ಮೌನ ಹಬ್ಬುತ್ತಿರುವಾಗ ದೂರದಲ್ಲಿ ಹಸುಗಳ ಕೊರಳಗಂಟೆ ಕೇಳಿಸುತ್ತದೆ. ನಿಜವಾದ ಕೊರಳಗಂಟೆಗಳನ್ನೇ ನುಡಿಸಬೇಕು, ಹಿಂಡು ದೂರದಲ್ಲಿ ಮೇಯುತ್ತಿರುವಂತೆ ಕೇಳಿಸಬೇಕು ಎಂದು ಅವನ ಅಪ್ಪಣೆ. ಆಸ್ಟ್ರಿಯಾದ ಬೆಟ್ಟಗಳಲ್ಲಿ ಅವನು ಕೇಳಿದ ಗಂಟೆ ನನ್ನ ನಡುಮನೆಯಲ್ಲಿ, ಗೋಡೆಗಳು ಇದ್ದಕ್ಕಿದ್ದಂತೆ ಕರಗಿ, ಎಲ್ಲೋ ಬಯಲಿನಾಚೆ ಕೇಳಿಸಿತು. ನಾನು ಕಣ್ಣುಮುಚ್ಚಿ ಕುಳಿತಿದ್ದೆನು. ಕಡೆಯ ಭಾಗದಲ್ಲಿ ಒಂದು ದೊಡ್ಡ ಮರದ ಸುತ್ತಿಗೆಯ ಪೆಟ್ಟು ಬರುತ್ತದೆ. ಮಾಲರ್ ಮೊದಲು ಮೂರು ಪೆಟ್ಟುಗಳನ್ನು ಬರೆದು ಆಮೇಲೆ ಮೂರನೆಯದನ್ನು ಹೊಡೆದುಹಾಕಿದನು. ಮೊದಲ ಪೆಟ್ಟಿಗೇ ಪರದೆಯ ಹಿಂದೆ ಕರ್ಣನು ಎದ್ದುನಿಂತನು. ಅಡಿಗೆಮನೆಯಿಂದ ನನ್ನ ಹೆಂಡತಿ ಸೌಟನ್ನು ಹಿಡಿದೇ ಓಡಿಬಂದು, "ಏನೂಂದ್ರೆ, ಅಟ್ಟ ಕುಸೀತಾ?" ಎಂದಳು.

ಹಣ ಕೊಟ್ಟವನು ಸತ್ಯವನ್ನೂ ಹೇಳಬೇಕು. ಈ ತಟ್ಟೆಗಳ ಹಿರಿಮೆಯೆಂದು ಮಾರುವವರು ಹೇಳುವುದು ಅಂಕಿಗಳನ್ನು: ಸಾಧಾರಣ ಸಿ.ಡಿ. ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದರೆ ಇದು 28,22,400 ಸಲ ಅಳೆಯುತ್ತದೆ. ಆ ಸೂಕ್ಷ್ಮವೆಲ್ಲ ನನ್ನ ಕಿವಿಗೆ ಕೇಳಿಸಿತೆಂದು ನಾನು ಪ್ರಮಾಣ ಮಾಡಲಾರೆ. 2007ರಲ್ಲಿ ಅಮೆರಿಕದಲ್ಲಿ ಮೇಯರ್, ಮೊರಾನ್ ಎಂಬಿಬ್ಬರು ಪ್ರಕಟಿಸಿದ ಪರೀಕ್ಷೆಯಲ್ಲಿ, ಯಾವುದು ಯಾವುದೆಂದು ಹೇಳದೆ ಎರಡನ್ನೂ ಸ್ಟೀರಿಯೋದಲ್ಲಿ ಕೇಳಿಸಿದಾಗ, ನುರಿತ ಕಿವಿಗಳೂ ಸಾಮಾನ್ಯ ಮಟ್ಟದ ಧ್ವನಿಯಲ್ಲಿ ಭೇದವನ್ನು ಹಿಡಿಯಲಾರದೆ ಹೋದುವು. ನನಗೇನೂ ದುಃಖವಾಗಲಿಲ್ಲ. ನಾನು ಕೊಂಡದ್ದು ಅಂಕಿಗಳನ್ನಲ್ಲ, ಚಪ್ಪರವನ್ನು. ಚಪ್ಪರ ಬರುವುದು ತಟ್ಟೆಯ ಸೂಕ್ಷ್ಮತೆಯಿಂದಲ್ಲ. ಐದು ಜಾಗಗಳಲ್ಲಿ ಐವರು ನಿಜವಾಗಿ ನಿಂತಿರುವುದರಿಂದ.

ಲೋಕಕ್ಕೆ ಅದು ಬೇಕಾಗಲಿಲ್ಲ. ಎರಡು ಪದ್ಧತಿಗಳು ಮತ್ತೆ ಕ್ವಾಡ್ರಫೋನಿಕ್ಕಿನಂತೆಯೇ ಬಡಿದಾಡಿದುವು. ಅಷ್ಟರಲ್ಲಿ ತರುಣರು ಸಾವಿರ ಹಾಡುಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೊರಟುಹೋದರು. ಆರು ತಂತಿಗಳನ್ನು ಎಳೆದು ಒಂದು ಕುರ್ಚಿಯಲ್ಲಿ ಒಂದು ಗಂಟೆ ಅಲುಗದೆ ಕುಳಿತುಕೊಳ್ಳುವ ವ್ಯವಧಾನ ಯಾರಿಗಿದೆ? 2021ರಿಂದೀಚೆಗೆ ಆಪಲ್ ಮುಂತಾದವರು ಸುತ್ತಲಿನ ಧ್ವನಿಯನ್ನು ಫೋನಿಗೇ ಕಳುಹಿಸತೊಡಗಿದ್ದಾರೆ. ಬಹಳ ಜನ ಅದನ್ನು ಕೇಳುವುದು ಕಿವಿಗೆ ಸಿಕ್ಕಿಸಿಕೊಂಡ ಎರಡು ಗುಂಡಿಗಳಲ್ಲಿ. ಜಪಾನು, ಯೂರೋಪುಗಳಲ್ಲಿ ಕೆಲವರು ಇನ್ನೂ ತಟ್ಟೆಗಳನ್ನು ಹೊರತರುತ್ತಿದ್ದಾರೆ. ನಮ್ಮ ಸಂಗೀತದ್ದು, ತಂಬೂರಿಯನ್ನು ಸುತ್ತ ಹರಡಿ ಹಾಸಿದಂಥದು, ಒಂದಾದರೂ ಸಿಕ್ಕೀತೇ ಎಂದು ನಾನು ವರ್ಷಗಟ್ಟಲೆ ಹುಡುಕಿದೆನು. ನನ್ನ ಕೈಗೆ ಸಿಗಲಿಲ್ಲ.

ಇನ್ನು ಹೇಳಲು ಸ್ವಲ್ಪ ಕಷ್ಟವಾದ ಭಾಗಕ್ಕೆ ಬರುತ್ತೇನೆ.

2021ರ ಜನವರಿಯ ಒಂದು ಬೆಳಗ್ಗೆ ಮಗನ ಫೋನು ಬಂದಿತು. ಎತ್ತಿ ಎಡಗಿವಿಗೆ ಹಿಡಿದೆನು. ಸದ್ದಿಲ್ಲ. ಫೋನನ್ನು ಕೊಡವಿ ಮತ್ತೆ ಹಿಡಿದೆನು. ಬಲಗಿವಿಗೆ ಹಿಡಿದಾಗ "ಅಪ್ಪಾ, ಕೇಳಿಸ್ತಾ ಇದೆಯಾ?" ಎಂದು ಅವನು ಕೂಗುತ್ತಿದ್ದನು. ಕಿವಿಯಲ್ಲಿ ಗುಗ್ಗೆ ಕಟ್ಟಿರಬೇಕೆಂದು ಬಿಸಿ ಎಣ್ಣೆ ಬಿಟ್ಟುಕೊಂಡೆನು. ನೆಗಡಿಯಿರಬೇಕೆಂದು ಆವಿ ಹಿಡಿದೆನು. ನಾಳೆ ಸರಿಹೋದೀತೆಂದು ಹತ್ತು ನಾಳೆಗಳನ್ನು ಕಳೆದೆನು. ಕಡೆಗೆ ಹೋದಾಗ ವೈದ್ಯರು ಪರೀಕ್ಷೆ ಮಾಡಿ, ಒಳಗಿವಿಯ ನರಕ್ಕೆ ಸಂಬಂಧಿಸಿದ್ದೆಂದೂ, ಇಂಥದಕ್ಕೆ ಮೊದಲ ಕೆಲವು ದಿನಗಳಲ್ಲಿಯೇ ಬರಬೇಕಾಗಿತ್ತೆಂದೂ ಹೇಳಿ, ಔಷಧಿ ಕೊಟ್ಟರು. ಹೋದ ಕಿವಿ ಬರಲಿಲ್ಲ. ಎಲ್ಲ ಯಂತ್ರಗಳ ಕೈಪಿಡಿಗಳನ್ನೂ ಮೊದಲಿನಿಂದ ಕೊನೆಯವರೆಗೆ ಓದುವ ನಾನು ಈ ಒಂದು ಯಂತ್ರದ ವಿಷಯದಲ್ಲಿ ಹತ್ತು ದಿನ ಎಣ್ಣೆ ಬಿಟ್ಟುಕೊಂಡು ಕುಳಿತಿದ್ದೆನಲ್ಲ ಎಂಬುದನ್ನು ನಾನು ಇಂದಿಗೂ ಕ್ಷಮಿಸಿಕೊಂಡಿಲ್ಲ.

ಒಂದು ಕಿವಿ ಹೋದರೆ ಅರ್ಧ ಸದ್ದು ಹೋಗುತ್ತದೆಂದು ಜನ ತಿಳಿದಿದ್ದಾರೆ. ಹೋಗುವುದು ಸದ್ದಲ್ಲ, ದಿಕ್ಕು. ಹೆಂಡತಿ ಅಡಿಗೆಮನೆಯಿಂದ ಕರೆದರೆ ನಾನು ಬೀದಿಯ ಬಾಗಿಲನ್ನು ತೆರೆಯುತ್ತಿದ್ದೆನು. ರಸ್ತೆಯಲ್ಲಿ ಹಾರನ್ನು ಎಲ್ಲ ಕಡೆಯಿಂದಲೂ ಬರುತ್ತಿದ್ದಿತು, ಅಂದರೆ ಯಾವ ಕಡೆಯಿಂದಲೂ ಬರುತ್ತಿರಲಿಲ್ಲ. ಮದುವೆಮನೆಯಲ್ಲಿ ಪಕ್ಕದವರ ಮಾತು, ಓಲಗ, ಪಾತ್ರೆಗಳ ಸದ್ದು ಇವೆಲ್ಲ ಕಲಸಿ ಒಂದು ಮುದ್ದೆಯಾಗಿ ಬಲಗಿವಿಗೆ ಬಂದು ಬೀಳುತ್ತಿದ್ದುವು. ಮನೆಗೆ ಬಂದು ಸ್ಟೀರಿಯೋ ಸಿ.ಡಿ. ಒಂದನ್ನು ಹಾಕಿ ನೋಡಿದೆನು. ನಡುವೆ ನಿಂತು ಹಾಡುತ್ತಿದ್ದ ಗಾಯಕಿ ಇರಲಿಲ್ಲ. ಅವಳನ್ನು ಅಲ್ಲಿ ನಿಲ್ಲಿಸುತ್ತಿದ್ದವು ಎರಡು ಕಿವಿಗಳೆಂದು ನಾಲ್ವತ್ತು ವರ್ಷ ಪಾಠ ಹೇಳಿದ್ದೆನಲ್ಲ!

ಭೀಮ ಸಹದೇವರು ನನ್ನ ಪಾಲಿಗೆ ವನವಾಸಕ್ಕೆ ಹೊರಟುಹೋದರು. ನಾನು ಐವರ ಮೇಲೂ ಹಳೆಯ ಪಂಚೆಗಳನ್ನು ಹೊದಿಸಿದೆನು. ನನ್ನ ಹೆಂಡತಿ ಏನೂ ಹೇಳಲಿಲ್ಲ. ಆದರೆ ಒಂದನ್ನು ನಾನು ಗಮನಿಸಿದೆನು: ಮೂಲೆಯ ಪೆಟ್ಟಿಗೆಯನ್ನು ಗುಡಿಸಿ ಒರೆಸುವಾಗ ಅವಳು ಅದನ್ನು ಕರ್ಣನೆನ್ನುವುದನ್ನು ಬಿಟ್ಟಿದ್ದಳು. ಕರ್ಣವೆಂದರೆ ಕಿವಿಯೆಂಬುದು ನಮಗಿಬ್ಬರಿಗೂ ಆ ತನಕ ಹೊಳೆದಿರಲಿಲ್ಲ.

ಆಗಸ್ಟಿನಲ್ಲಿ ಎಲ್ಲವನ್ನೂ ಮಾರಿಬಿಡುವುದೆಂದು ನಿಶ್ಚಯಿಸಿದೆನು. ಸ್ನೇಹಿತರ ಮೂಲಕ ಒಬ್ಬ ತರುಣ ಬಂದನು. ಸೋಫಾದಲ್ಲಿ, ನನ್ನ ಜಾಗದಲ್ಲಿ, ಕುಳಿತು, "ಅಂಕಲ್, ಒಂದು ಸಲ ಕೇಳಿಸಿ" ಎಂದನು. ನಾನು ಪಂಚೆಗಳನ್ನು ತೆಗೆದು, ಕಡೆಯಲ್ಲಿ ಸಭಿಕರ ಚಪ್ಪಾಳೆಯಿರುವ ಒಂದು ತಟ್ಟೆಯನ್ನು ಹಾಕಿ, ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತೆನು. ಚಪ್ಪಾಳೆ ಎದ್ದಾಗ ಹುಡುಗ ಬೆಚ್ಚಿ ಹಿಂದಕ್ಕೆ ತಿರುಗಿ ನೋಡಿದನು. ಅಲ್ಲಿ ನಾನೊಬ್ಬನೇ ನಿಂತಿದ್ದೆನು. ಅವನ ಮುಖದಲ್ಲಿದ್ದುದು ಏನೆಂದು ನನಗೆ ಗೊತ್ತಿತ್ತು. ಅದೇ ಹೊತ್ತಿಗೆ ಇನ್ನೊಂದು ಸಂಗತಿಯೂ ನಡೆಯಿತು. ನಾನು ನಿಂತದ್ದು ನಕುಲನ ಪಕ್ಕದಲ್ಲಿ. ಬಲಗಿವಿ ಅವನ ಕಡೆಗಿದ್ದಿತು. ಮುಂದಿನ ವಾದ್ಯಗಳ ಗದ್ದಲದಿಂದ ಬೇರೆಯಾಗಿ, ಅವನು ಹೇಳುತ್ತಿದ್ದುದು ನನಗೆ ಬಿಡಿಬಿಡಿಯಾಗಿ ಕೇಳಿಸಿತು. ತಲೆಯನ್ನು ತಿರುಗಿಸಿದೆನು, ಅವನ ದನಿ ಇಳಿದು ಇನ್ನೊಬ್ಬನದು ಏರಿತು.

ಹುಡುಗನಿಗೆ ನಾಳೆ ಹೇಳುತ್ತೇನೆಂದು ಕಳುಹಿಸಿ, ಬಾಗಿಲು ಹಾಕಿಕೊಂಡು, ತಟ್ಟೆಗಳನ್ನು ಒಂದೊಂದಾಗಿ ಹಾಕಿ ತಲೆ ತಿರುಗಿಸುತ್ತ ಕುಳಿತೆನು. ವಿಷಯ ಸರಳವಾದದ್ದು. ಸ್ಟೀರಿಯೋದ ಗಾಯಕಿ ಮಾಯಾರೂಪಿಣಿ. ಎರಡು ಕಿವಿಯಿಲ್ಲದವನಿಗೆ ಅವಳಿಲ್ಲ. ಆದರೆ ಧರ್ಮರಾಯನು ಮಾಯೆಯಲ್ಲ. ನನಗೆ ಕೇಳಿಸಲಿ ಬಿಡಲಿ, ಅವನು ನಿಂತ ಜಾಗದಲ್ಲಿಯೇ ನಿಂತಿದ್ದಾನೆ. ನನ್ನ ಒಂಟಿ ಕಿವಿಯನ್ನು ಅವನತ್ತ ತಿರುಗಿಸಿದರೆ ಅವನ ದನಿ ಏರುತ್ತದೆ, ಅತ್ತ ತಿರುಗಿಸಿದರೆ ಇಳಿಯುತ್ತದೆ. ಇದರಿಂದ ಅವನೆಲ್ಲಿದ್ದಾನೆಂದು ತಿಳಿಯಬಹುದು. ಕೂಡಲೇ ಅಲ್ಲ, ಕುರುಡನು ಗೋಡೆಯನ್ನು ತಡವಿಕೊಂಡು ಹೋದಂತೆ. ದೊಡ್ಡ ಮೇಳಗಾನದ ತಟ್ಟೆಗಳಲ್ಲಿ ಈ ಉಪಾಯ ನಡೆಯದು. ಅನುರಣನವೆಲ್ಲ ಸೇರಿ ಬರಿಯ ಮಂಜು. ನಾಲ್ಕೈದು ವಾದ್ಯಗಳ ತಟ್ಟೆಗಳಲ್ಲಿ ಮಾತ್ರ ನಡೆಯುತ್ತದೆ. ಅಷ್ಟೇ ಸಿಕ್ಕಿದ್ದು. ಅಷ್ಟನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಹುಡುಗನಿಗೆ ಫೋನು ಮಾಡಿ ಕ್ಷಮೆ ಕೇಳಿದೆನು. ಅವನು ಈಗಲೂ ಭಾನುವಾರ ಬಂದು ಪಾಂಡವರ ಯೋಗಕ್ಷೇಮವನ್ನು ವಿಚಾರಿಸಿ, ನನ್ನ ಹೆಂಡತಿಯ ಉಪ್ಪಿಟ್ಟು ತಿಂದು ಹೋಗುತ್ತಾನೆ.

ಸೋಫಾದ ಮೇಲೆ ಕುಳಿತು ಕತ್ತು ತಿರುಗಿಸಿ ತಿರುಗಿಸಿ ನೋವು ಬಂದಿತು. 2020ರಲ್ಲಿ ಮನೆಯಿಂದಲೇ ಕಚೇರಿಯ ಕೆಲಸ ಮಾಡಬೇಕಾಗಿ ಬಂದಾಗ ಮಗಳು ಕೊಂಡಿದ್ದ ತಿರುಗುವ ಕುರ್ಚಿಯೊಂದು ಕೋಣೆಯಲ್ಲಿ ಸುಮ್ಮನೆ ಬಿದ್ದಿದ್ದಿತು. ಅದನ್ನು ನಡುಮನೆಯ ನಟ್ಟನಡುವೆ ಎಳೆದುತಂದು ಕುಳಿತು, ಸಂಗೀತಕ್ಕೆ ತಕ್ಕಂತೆ ಕಾಲಿನಿಂದ ನೂಕಿಕೊಂಡು ಮೆಲ್ಲಗೆ ಸುತ್ತತೊಡಗಿದೆನು. ಪೂಜೆಯ ಕೊನೆಯಲ್ಲಿ ನಿಂತಲ್ಲೇ ಮೂರು ಸುತ್ತು ಹಾಕುವ ಆತ್ಮಪ್ರದಕ್ಷಿಣೆಯನ್ನು ನೋಡಿದವರಿಗೆ ನನ್ನ ಸ್ಥಿತಿ ಅರ್ಥವಾದೀತು. ನನ್ನ ಹೆಂಡತಿ ದೇವರಮನೆಯ ಬಾಗಿಲಲ್ಲಿ ನಿಂತು ಒಂದು ಗಳಿಗೆ ನೋಡಿದಳು. "ಇದುವರೆಗೆ ಅವರು ಸುತ್ತ ನಿಂತಿದ್ದರು, ಈಗ ನೀವು ಸುತ್ತೋಕೆ ಷುರುಮಾಡಿದ್ರಾ?" ಎಂದಳು.

ಮಾಲರನ ತಟ್ಟೆಯನ್ನು ಹಾಕುವ ಧೈರ್ಯ ಬಹಳ ದಿನ ಬರಲಿಲ್ಲ. ಕಳೆದ ಡಿಸೆಂಬರಿನ ಒಂದು ಸಂಜೆ ಹಾಕಿದೆನು. ಅವರೆಕಾಯಿಯ ಕಾಲ. ಅವಳು ಮೊರವನ್ನು ಹಿಡಿದುಕೊಂಡು ಬಂದು, ಎಂದಿನಂತೆ ಅಡಿಗೆಮನೆಯಲ್ಲಿ ಕುಳಿತುಕೊಳ್ಳದೆ, ನನ್ನ ಎಡಗಡೆ ನೆಲದ ಮೇಲೆ ಕುಳಿತು ಕಾಯಿ ಸುಲಿಯತೊಡಗಿದಳು. ಇಪ್ಪತ್ತು ವರ್ಷಗಳಲ್ಲಿ ಅವಳು ಒಂದು ತಟ್ಟೆಗೂ ಹಾಗೆ ಬಂದು ಕುಳಿತವಳಲ್ಲ. ಗರ್ಜನೆಯೆಲ್ಲ ಅಡಗಿತು. ನನಗೆ ಗಂಟೆಗಳ ಸದ್ದು ಕೇಳಿಸಿತು. ಆದರೆ ಬಲಗಿವಿಯ ಪಕ್ಕದಲ್ಲಿಯೇ, ಯಾರೋ ಚಮಚಗಳನ್ನು ಅಲ್ಲಾಡಿಸಿದಂತೆ. ಕುರ್ಚಿಯನ್ನು ಅತ್ತ ತಿರುಗಿಸಿದೆನು, ಇತ್ತ ತಿರುಗಿಸಿದೆನು. ಬಯಲು ತೆರೆಯಲಿಲ್ಲ.

"ಎಲ್ಲಿಂದ ಬರ್ತಾ ಇದೆ?" ಎಂದು ಕೇಳಿದೆನು.

ಅವಳು ಕೈಯಲ್ಲಿದ್ದ ಕಾಯನ್ನು ಹಾಗೆಯೇ ಹಿಡಿದು ಆಲಿಸಿದಳು.

"ಮನೇಲಲ್ಲ. ಗೋಡೆಯಾಚೆ, ದೂರ. ತೀರ್ಥಹಳ್ಳೀಲಿ ಸಂಜೆ ಹೊಳೆ ಕಡೆಯಿಂದ ದನ ಬರ್ತಿರಲಿಲ್ವೇ, ಹಾಗೆ." ಸ್ವಲ್ಪ ಹೊತ್ತು ತಡೆದು, "ಇನ್ನೂ ಕೊಟ್ಟಿಗೆಗೆ ಬಂದಿಲ್ಲ" ಎಂದಳು.

ಮುಂದಿನ ಭಾಗ ಮೊದಲಾಗುವ ತನಕ ನಾನು ಕುರ್ಚಿಯನ್ನು ತಿರುಗಿಸಲಿಲ್ಲ.